ಕಟ್ಟಿಕೊಂಡು ಕೂರುವ ಬಗೆ

ಬೆಂಗಳೂರಿನಲ್ಲಿ ಮೈಸೂರಿಗೆ ಹೊರಟುನಿಂತವರನ್ನು ಯಾವುದರಲ್ಲಿ ಹೋಗುವಿರೆಂದು ಕೇಳಿದರೆ ‘ಕೆಂಪು ಬಸ್ಸಿನಲ್ಲಿ’ ಎಂದೋ ‘ವೋಲ್ವೋದಲ್ಲಿ’ ಎಂದೋ ಉತ್ತರ ಬರುವುದು. ಸ್ವೀಡನ್ ದೇಶದ ಒಂದು ಸಂಸ್ಥೆಯ ಹೆಸರಾದ ಈ ಎರಡನೆಯ ಶಬ್ದವು, ಹೊಸಕೋಟೆಯ ಬಳಿ 2001ರಲ್ಲಿ ಅದರ ಬಸ್ಸುಗಳ ತಯಾರಿಕೆ ಮೊದಲಾದ ಮೇಲೆ, ನೋಡನೋಡುತ್ತಿದ್ದಂತೆ ಅಂಕಿತನಾಮದ ಪದವಿಯಿಂದ ಇಳಿದು ರೂಢನಾಮವಾಗಿ, ತಂಪುಗಾಳಿಯ ಎತ್ತರದ ಬಸ್ಸು ಯಾರು ಕಟ್ಟಿದ್ದೇ ಆಗಿರಲಿ ಅದಕ್ಕೆ ಅನ್ವಯಿಸತೊಡಗಿತು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ‘ಉರುಳುತ್ತೇನೆ’ ಎಂದರ್ಥ. ಉರುಳುವಿಕೆಯನ್ನು ಹೆಸರಿನಲ್ಲಿಯೇ ಹೊತ್ತ ಆ ಸಂಸ್ಥೆಯಿಂದ ಲೋಕಕ್ಕಾದ ಮಹೋಪಕಾರವಾದರೋ, ಉರುಳುವಿಕೆಯು ತಟಕ್ಕನೆ ನಿಂತುಹೋದ ಕ್ಷಣದಲ್ಲಿ ಮನುಷ್ಯನನ್ನು ಅವನ ಪೀಠದಲ್ಲಿಯೇ ಉಳಿಸಿಕೊಳ್ಳುವ ಎರಡಂಗುಲ ಅಗಲದ ಒಂದು ನೇಯ್ದ ಪಟ್ಟಿ. ಬಸ್ಸಿನ ಹೆಸರನ್ನು ದಿನವೂ ಉಚ್ಚರಿಸುವ ನಮ್ಮಲ್ಲಿ ಬಹುಮಂದಿಗೆ ಕಾರಿನ ಆ ಪಟ್ಟಿಗೂ ಅದಕ್ಕೂ ಇರುವ ಸಂಬಂಧ ತಿಳಿಯದು.

ಈ ಪಟ್ಟಿಯ ಕಥೆಯನ್ನು ಹೇಳಹೊರಟವನು ಆಸನದ ಕಥೆಯನ್ನೂ ಹೇಳದೆ ವಿಧಿಯಿಲ್ಲ. ಏಕೆಂದರೆ ಸರಿಯಾಗಿ ಕೂರದವನಿಗೆ ಪಟ್ಟಿಯು ಅರ್ಧ ರಕ್ಷೆ, ಕೆಲವೊಮ್ಮೆ ಪೂರ್ತಿ ಪೀಡೆ. ಕಥೆಯ ಆದಿಯನ್ನು ಹುಡುಕುವವರು ಸಾಮಾನ್ಯವಾಗಿ 1885ರಲ್ಲಿ ನ್ಯೂಯಾರ್ಕಿನ ಎಡ್ವರ್ಡ್ ಕ್ಲಾಗ್‌ಹಾರ್ನ್ ಎಂಬಾತನು ಪಡೆದ ಪೇಟೆಂಟಿನಿಂದ ತೊಡಗುವರು. ಅದು ಮೈಗೆ ಬಿಗಿದುಕೊಂಡು ಕೊಕ್ಕೆಯಿಂದ ಸ್ಥಿರವಾದೊಂದು ವಸ್ತುವಿಗೆ ತಗುಲಿಸಿಕೊಳ್ಳುವ ಪಟ್ಟಿಯೇ ಹೊರತು, ವಾಹನದ ಪೀಠಕ್ಕೂ ಅದಕ್ಕೂ ನೆಂಟಸ್ತಿಕೆ ಹೇಳುವುದು ಬಲವಂತದ ಮಾತು. ನನಗೆ ನಿಜವಾದ ಆದಿಯೆಂದು ತೋರುವುದು ಕುದುರೆಯ ಜೀನು. ಅಮೆರಿಕದ ಸೇನೆಗೆ ಒಂದೇ ಒಂದು ವಿಮಾನವಿದ್ದ 1910ರಲ್ಲಿ, ಟೆಕ್ಸಾಸ್ ಪ್ರಾಂತ್ಯದ ಸ್ಯಾನ್ ಆಂಟೋನಿಯೋದಲ್ಲಿ ಅದನ್ನು ಹಾರಿಸಲು ತಾನೇ ಕಲಿಯುತ್ತಿದ್ದ ಬೆಂಜಮಿನ್ ಫುಲೋಯ್ ಎಂಬ ಅಧಿಕಾರಿಯು, ಇಳಿಯುವ ಹೊತ್ತಿನ ಕುಲುಕಾಟಕ್ಕೆ ಪೀಠದಿಂದ ಎಗರಿಬೀಳುವಂತಾದ ಮೇಲೆ, ಅಶ್ವದಳದ ಜೀನುಗಾರರಲ್ಲಿಗೆ ಹೋಗಿ ನಾಲ್ಕಡಿಯ ತೊಗಲಿನ ಪಟ್ಟಿಯೊಂದನ್ನು ಮಾಡಿಸಿಕೊಂಡು ಬಂದನು. ಕುದುರೆಯ ಬೆನ್ನಿಗೆ ಜೀನನ್ನು ಕಟ್ಟುತ್ತಿದ್ದ ಕೈಗಳೇ ಜೀನಿಗೆ ಸವಾರನನ್ನೂ ಕಟ್ಟಿದುವು ಎನ್ನಬಹುದು. ಆದರೆ ಆ ಪಟ್ಟಿಯ ಪ್ರಯೋಜನ ಬೀಳದಿರುವುದಷ್ಟೆ. ಅಪ್ಪಳಿಸಿದಾಗ ಬದುಕುವುದು ಬೇರೆಯೇ ವಿದ್ಯೆ. ಆ ವಿದ್ಯೆ ಹುಟ್ಟಲು ಇನ್ನೂ ಕೆಲವು ಮೂಳೆಗಳು ಮುರಿಯಬೇಕಾಗಿದ್ದಿತು.

ಮುರಿದವುಗಳಲ್ಲಿ ಮೊದಲನೆಯವು ಹ್ಯೂ ಡಿಹೇವನ್ ಎಂಬ ತರುಣನವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುದಳದಲ್ಲಿ ತರಬೇತು ಪಡೆಯುತ್ತಿದ್ದಾಗ ಆತನ ವಿಮಾನವು ಆಕಾಶದಲ್ಲಿ ಇನ್ನೊಂದಕ್ಕೆ ತಾಗಿ ನೆಲಕ್ಕುರುಳಿತು, ಜೊತೆಗಿದ್ದವರು ಉಳಿಯಲಿಲ್ಲ, ಇವನು ಒಡೆದ ಯಕೃತ್ತಿನೊಂದಿಗೆ ಬಹುಕಾಲ ಆಸ್ಪತ್ರೆಯಲ್ಲಿ ಮಲಗಿ, ಬದುಕಿ ಬಂದನು. ತನ್ನ ಉದರದ ಗಾಯಗಳಿಗೆ ಕಾರಣ ನೆಲವಲ್ಲ, ಹೊಟ್ಟೆಯ ನಟ್ಟನಡುವೆ ಕುಳಿತಿದ್ದ ಪಟ್ಟಿಯ ಚೂಪಾದ ಕೊಂಡಿ ಎಂಬ ಸಂಶಯವು ಅವನಲ್ಲಿ ಅಂಕುರಿಸಿ, ಎರಡು ದಶಕಗಳ ತರುವಾಯ ಶಾಸ್ತ್ರವಾಗಿ ಬೆಳೆಯಿತು. ಐವತ್ತರಿಂದ ನೂರೈವತ್ತು ಅಡಿಗಳ ಎತ್ತರದಿಂದ ಬಿದ್ದೂ ಬದುಕಿದವರ ವೃತ್ತಾಂತಗಳನ್ನು ಕಲೆಹಾಕಿ 1942ರಲ್ಲಿ ಅವನು ಪ್ರಕಟಿಸಿದ ಲೇಖನದ ಸಾರ ಇಷ್ಟು: ಆಘಾತವನ್ನು ಒಂದೇ ಬಿಂದುವಿನಲ್ಲಿ ಹೊಡೆಯಗೊಡದೆ ಮೈಯೆಲ್ಲಕ್ಕೂ ಹರಡಿ, ಕಣ್ಣೆವೆಯಿಕ್ಕುವಷ್ಟರ ಕಾಲವನ್ನಾದರೂ ತುಸು ಹಿಗ್ಗಿಸಿಕೊಟ್ಟರೆ, ಮನುಷ್ಯದೇಹವು ತಾನೇ ನಂಬಲಾರದಷ್ಟು ಪೆಟ್ಟನ್ನು ಸಹಿಸಬಲ್ಲುದು. ವಾಹನವನ್ನು ನಾಜೂಕಾದ ಸರಕನ್ನು ತುಂಬುವ ಪೆಟ್ಟಿಗೆಯೆಂದು ಭಾವಿಸಬೇಕೆಂಬುದು ಅವನ ವಾದ. ನಮ್ಮ ಬಳೆಗಾರರಿಗೆ ಇದು ಹೊಸ ಮಾತಲ್ಲ. ಬಳೆಗಳು ಮಲಾರದಲ್ಲಿ ಒಡೆಯದೆ ಊರೂರು ಸುತ್ತಿದ್ದು ಅವುಗಳನ್ನು ಅಲುಗದಂತೆ ಕಟ್ಟಿದ್ದರಿಂದಲೇ ಅಲ್ಲವೆ?

ಶಾಸ್ತ್ರವನ್ನು ಸ್ವಂತ ಮೈಮೇಲೆ ಪ್ರಯೋಗಿಸಿದವನು ಜಾನ್ ಪಾಲ್ ಸ್ಟ್ಯಾಪ್. ಬ್ರೆಜಿಲಿನಲ್ಲಿ ಮಿಷನರಿ ದಂಪತಿಗಳಿಗೆ 1910ರಲ್ಲಿ ಹುಟ್ಟಿ, ಅಮೆರಿಕದ ವಾಯುಸೇನೆಯಲ್ಲಿ ವೈದ್ಯನಾದ ಈತನು, ನ್ಯೂ ಮೆಕ್ಸಿಕೋದ ಹಾಲೊಮನ್ ನೆಲೆಯಲ್ಲಿ 1954ರ ಡಿಸೆಂಬರ್ 10ರಂದು ಉಕ್ಕಿನ ಹಳಿಗಳ ಮೇಲಣ ರಾಕೆಟ್ ಬಂಡಿಯೊಂದರಲ್ಲಿ ಪಟ್ಟಿಗಳಿಂದ ತನ್ನನ್ನು ಬಿಗಿಸಿಕೊಂಡು ಕುಳಿತು, ಗಂಟೆಗೆ 632 ಮೈಲಿಗಳ ವೇಗವನ್ನು ಮುಟ್ಟಿ, ಅಲ್ಲಿಂದ ಸುಮಾರು 1.4 ಸೆಕೆಂಡುಗಳಲ್ಲಿ ನಿಶ್ಚಲನಾದನು. ತನ್ನ ತೂಕದ 46 ಮಡಿ ಭಾರವು ಆ ಕ್ಷಣದಲ್ಲಿ ಅವನ ಮೈಯನ್ನು ಪಟ್ಟಿಗಳಿಗೆ ಒತ್ತಿತು. ಕಣ್ಣುಗಳಲ್ಲಿ ರಕ್ತ ತುಂಬಿ ಕೆಲಹೊತ್ತು ಏನೂ ಕಾಣದಾಯಿತಾದರೂ ದೃಷ್ಟಿ ಮರಳಿತು. ಮನುಷ್ಯ ಸತ್ತೇಹೋಗುವನೆಂದು ಲೆಕ್ಕಹಾಕಿದ್ದ ಪಂಡಿತರ ಗಣಿತವು ಬಿದ್ದುಹೋಯಿತು. ಈ ಸಾಹಸದ ನಡುವೆ ಸ್ಟ್ಯಾಪನನ್ನು ಕಾಡಿದ ಸಂಗತಿ ಇನ್ನೊಂದು. ಪ್ರಾಣದ ಹಂಗು ತೊರೆದು ಜೆಟ್ ವಿಮಾನಗಳನ್ನು ಹಾರಿಸುವ ಯೋಧರು, ಆಕಾಶದಲ್ಲಿ ಸಾಯುವಷ್ಟೇ ಸಂಖ್ಯೆಯಲ್ಲಿ ರಜೆಯ ದಿನ ಕಾರು ಓಡಿಸುತ್ತ ಹೆದ್ದಾರಿಗಳಲ್ಲಿ ಸಾಯುತ್ತಿದ್ದರು. ಕಾರಿನ ಅಪಘಾತವನ್ನು ಕುರಿತು ಅವನು 1955ರಲ್ಲಿ ಕರೆದ ಸಭೆಯು ಮುಂದೆ ಅವನದೇ ಹೆಸರಿನ ವಾರ್ಷಿಕ ಸಮ್ಮೇಳನವಾಗಿ ಬೆಳೆಯಿತು. ಆ ಸಮ್ಮೇಳನದ ಹೆಸರನ್ನು ಓದುಗರು ನೆನಪಿಟ್ಟಿರಬೇಕು.

ಇತ್ತ ಕಾರಿನೊಳಗಣ ಪೀಠದ ಸ್ಥಿತಿ ಹೇಗಿದ್ದಿತು? ಸಾರೋಟು ಕಟ್ಟುವವರೇ ಮೊದಲ ಕಾರುಗಳ ಒಡಲನ್ನೂ ಕಟ್ಟಿದವರಾದುದರಿಂದ, ಪೀಠವೆಂದರೆ ದಿವಾನಖಾನೆಯ ಸೋಫಾ ಚಕ್ರದ ಮೇಲೆ ಬಂದು ಕುಳಿತಂತೆ. ಫೋರ್ಡನ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲಿನ ತೊಟ್ಟಿಯು ಮುಂದಿನ ಪೀಠದ ಕೆಳಗೇ ಇದ್ದು, ಎಷ್ಟು ಉಳಿದಿದೆಯೆಂದು ನೋಡಬೇಕಾದರೆ ಕೂತವರು ಎದ್ದು, ಮೆತ್ತೆಯನ್ನೆತ್ತಿ, ಕಡ್ಡಿಯೊಂದನ್ನು ಅದ್ದಿ ನೋಡಬೇಕಾಗಿದ್ದಿತು. ಅಂತಹ ಪೀಠವನ್ನು ಹಿಂದಕ್ಕೂ ಮುಂದಕ್ಕೂ ಸರಿಸುವ ಮಾತೇ ಇಲ್ಲ. ಮನುಷ್ಯನೇ ಕಾರಿನ ಅಳತೆಗೆ ತನ್ನನ್ನು ಹೊಂದಿಸಿಕೊಳ್ಳತಕ್ಕದ್ದು. ತರುವಾಯ ಪೀಠವು ಹಳಿಗಳ ಮೇಲೆ ಜಾರತೊಡಗಿತಾದರೂ ಮುಂದಿನ ಸಾಲೆಲ್ಲ ಒಂದೇ ಬೆಂಚಾಗಿದ್ದುದರಿಂದ, ಗಿಡ್ಡನಾದ ಚಾಲಕನು ಪೆಡಲು ಎಟುಕಲೆಂದು ಮುಂದಕ್ಕೆಳೆದುಕೊಂಡರೆ ಪಕ್ಕದ ನೀಳಕಾಲಿನವನ ಮಂಡಿಗಳು ಎದುರಿನ ಹಲಗೆಗೆ ತಗುಲುತ್ತಿದ್ದುವು. ಇದಕ್ಕಿಂತ ಸ್ವಾರಸ್ಯವಾದುದು ನ್ಯಾಷ್ ಎಂಬ ಅಮೆರಿಕನ್ ಸಂಸ್ಥೆಯ ಪ್ರಸಂಗ. ಹಿಂದಕ್ಕೆ ಒರಗಿ ಹಾಸಿಗೆಯೇ ಆಗಿಬಿಡುವ ಪೀಠವನ್ನು ಅದು ತನ್ನ 1950ರ ಕಾರುಗಳಲ್ಲಿ ಒದಗಿಸಿದಾಗ, ಬೇಕಾದವರಿಗೆ ಸೊಂಟದ ಪಟ್ಟಿಯನ್ನೂ ಕೊಡುವ ಏರ್ಪಾಡು ಮಾಡಿತು. ಒರಗಿ ನಿದ್ರಿಸುವವನು ಉರುಳದಿರಲೆಂಬುದೇ ಉದ್ದೇಶ. ಅನೇಕ ಗ್ರಾಹಕರು ಆ ಪಟ್ಟಿಗಳನ್ನು ಬಿಚ್ಚಿಸಿ ಹಾಕಿದರು. ಪಟ್ಟಿಯೂ ಒರಗುಪೀಠವೂ ಹೀಗೆ ಜೊತೆಯಾಗಿಯೇ ಕಾರನ್ನು ಹೊಕ್ಕುವು. ಅವೆರಡೂ ಹುಟ್ಟುವೈರಿಗಳೆಂಬುದು ಆಗ ಬಹುಮಂದಿಗೆ ಹೊಳೆದಿರಲಿಲ್ಲ. (ಆ ಸಂಸ್ಥೆಯ ದೊಡ್ಡ ಕಾರಿನ ಹೆಸರು ಅಂಬಾಸಡರ್, ನಮ್ಮದಕ್ಕೂ ಅದಕ್ಕೂ ಹೆಸರಿನ ಹೊರತು ಬಳಗವಿಲ್ಲ.)

ಸ್ವೀಡನ್ನಿನಲ್ಲಿ ವಿಷಯವು ಬೇರೊಂದು ದಾರಿಯಿಂದ ಮುಂದುವರಿಯಿತು. ಆ ದೇಶದ ಸರಕಾರೀ ವಿದ್ಯುತ್ ಸಂಸ್ಥೆಯಾದ ವಾಟನ್‌ಫಾಲ್ ತನ್ನ ನೌಕರರ ಮರಣಗಳನ್ನು ಪರಿಶೀಲಿಸಿದಾಗ, ಕಂಬ ಹತ್ತುವ ಕೆಲಸಕ್ಕಿಂತ ಕೆಲಸಕ್ಕೆಂದು ಕಾರಿನಲ್ಲಿ ಹೋಗುವುದೇ ಹೆಚ್ಚು ಅಪಾಯಕರವೆಂದು ಕಂಡುಬಂದಿತು. ಅಲ್ಲಿನ ಎಂಜಿನಿಯರುಗಳೇ ಪಟ್ಟಿಗಳನ್ನು ರೂಪಿಸಲು ಕೈಹಚ್ಚಿದರು. ಇದೇ ಕಾಲಕ್ಕೆ ವೋಲ್ವೋ ಸಂಸ್ಥೆಯ ಮುಖ್ಯಸ್ಥನಾಗಿದ್ದ ಗುನ್ನಾರ್ ಎಂಗೆಲ್ಲೌ ಎಂಬವನ ಬಂಧುವೊಬ್ಬರು ಕಾರಿನ ಅಪಘಾತದಲ್ಲಿ ತೀರಿಕೊಂಡಿದ್ದರು. ಆತನು 1958ರಲ್ಲಿ, ಸಾಬ್ ವಿಮಾನ ಕಾರ್ಖಾನೆಯಲ್ಲಿ ಅಪಾಯ ಬಂದಾಗ ಚಾಲಕನನ್ನು ಪೀಠಸಮೇತ ಆಕಾಶಕ್ಕೆ ಚಿಮ್ಮಿಸುವ ಯಂತ್ರಗಳನ್ನು ರೂಪಿಸುತ್ತಿದ್ದ ನಿಲ್ಸ್ ಬೋಲಿನ್ ಎಂಬ ಎಂಜಿನಿಯರನನ್ನು ಕರೆತಂದನು. ಪೀಠದಿಂದ ಹೊರಗೆಸೆಯುವ ವಿದ್ಯೆಯಲ್ಲಿ ನಿಷ್ಣಾತನಾದವನೇ ಪೀಠದಲ್ಲಿ ಉಳಿಸುವ ವಿದ್ಯೆಗೂ ಆಚಾರ್ಯನಾದುದು ವಿಧಿಯ ವಿನೋದ. ಅವನು ಮೊದಲು ಅರಿತುಕೊಂಡ ಸತ್ಯವು ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯನಿಗೆ ಸೇರಿದ್ದು: ವಿಮಾನ ಚಾಲಕನು ಪ್ರಾಣರಕ್ಷಣೆಗಾಗಿ ಎಷ್ಟು ಪಟ್ಟಿಗಳನ್ನು ಬಿಗಿದರೂ ಸಹಿಸುವನು, ಕಾರಿನಲ್ಲಿ ಪೇಟೆಗೆ ಹೊರಟ ಗೃಹಸ್ಥನು ಒಂದು ನಿಮಿಷದ ಕಿರುಕುಳವನ್ನೂ ಸಹಿಸಲಾರನು.

ಆಗ ಬಳಕೆಯಲ್ಲಿದ್ದ ಪಟ್ಟಿಗಳಿಗೆ ಒಂದೊಂದಕ್ಕೂ ಒಂದೊಂದು ಕೊರತೆ. ಸೊಂಟಕ್ಕೆ ಮಾತ್ರ ಕಟ್ಟಿದರೆ ಮೇಲ್ಮೈ ಕತ್ತರಿಯಂತೆ ಮಡಿಸಿ ತಲೆಯು ಮುಂದಕ್ಕೆ ಅಪ್ಪಳಿಸುವುದು. ಹೆಗಲಿನಿಂದ ಓರೆಯಾಗಿ ಮಾತ್ರ ಕಟ್ಟಿದರೆ ಕೆಳಮೈ ಜಾರಿ ಪಟ್ಟಿಯು ಕೊರಳಿಗೆ ಬರುವುದು. ಎರಡನ್ನೂ ಕೂಡಿಸುವ ಯೋಚನೆಯೂ ಹೊಸತಲ್ಲ. ರೋಜರ್ ಗ್ರಿಸ್ವೋಲ್ಡ್ ಎಂಬವನೊಡನೆ ಸೇರಿ ಡಿಹೇವನನೇ 1955ರಲ್ಲಿ ಅಂತಹುದೊಂದಕ್ಕೆ ಪೇಟೆಂಟ್ ಪಡೆದಿದ್ದನು. ಆದರೆ ಅದರಲ್ಲಿಯೂ ಪಟ್ಟಿಗಳು ಬಂದು ಸೇರುವ ಕೊಂಡಿ ಹೊಟ್ಟೆಯ ಮೇಲೆಯೇ ಕೂರುತ್ತಿದ್ದಿತು. ತನ್ನ ಉದರವನ್ನು ಸೀಳಿದ ಕೊಂಡಿಯನ್ನು ದೂರುತ್ತ ಶಾಸ್ತ್ರವನ್ನೇ ಕಟ್ಟಿದವನು ಅದನ್ನು ಮತ್ತೆ ಉದರಕ್ಕೇ ತಂದಿಟ್ಟನೆಂದರೆ ಏನೆನ್ನೋಣ! ಬೋಲಿನನು ಮಾಡಿದ್ದು ಇಷ್ಟೆ: ಕೊಂಡಿಯನ್ನು ಪೃಷ್ಠದ ಪಕ್ಕಕ್ಕೆ, ಪೀಠದ ಮಗ್ಗುಲಿಗೆ ಇಳಿಸಿದನು. ಒಂದೇ ಉದ್ದನೆಯ ಪಟ್ಟಿಯು ಹೆಗಲ ಮೇಲಿನಿಂದ ಎದೆಯನ್ನು ಓರೆಯಾಗಿ ದಾಟಿ, ಆ ಕೊಂಡಿಯಲ್ಲಿ ಹೊರಳಿ, ತೊಡೆಯ ಬುಡದ ಮೇಲೆ ಹಾದು ಇನ್ನೊಂದು ಮಗ್ಗುಲನ್ನು ಸೇರುವಂತೆ ಮಾಡಿದನು. ಎರಡು ಭಾಗಗಳೂ ಕೂಡುವ ಕೋನವು ಕೆಳಗೆ, ನೆಲದ ಕಡೆಗೆ ಮುಖಮಾಡಿರುವುದರಿಂದ ಎಳೆತ ಬಿದ್ದಾಗ ಪಟ್ಟಿಯು ಮೇಲಕ್ಕೆ ಸರಿಯದೆ ಇದ್ದಲ್ಲಿಯೇ ಹಿಡಿಯುವುದು. ಹಿಡಿಯುವುದೂ ದೇಹದ ಗಟ್ಟಿ ಭಾಗಗಳನ್ನು, ಎಂದರೆ ಕಟಿಯ ಎಲುಬನ್ನು, ಎದೆಗೂಡನ್ನು, ಹೆಗಲಿನ ಎಲುಬನ್ನು. ಎಲ್ಲಕ್ಕಿಂತ ಮಿಗಿಲಾಗಿ ಇದನ್ನು ತೊಡಲು ಒಂದೇ ಕೈ ಸಾಕು. ಜ್ಯಾಮಿತಿಯ ಈ ಸಣ್ಣ ಉಪಾಯದಲ್ಲಿ ಅದ್ಭುತವೇನಿದೆ ಎಂದು ಕೇಳಬಹುದು. ಮನುಷ್ಯನ ಸೋಮಾರಿತನವನ್ನೂ ಲೆಕ್ಕಕ್ಕೆ ಹಿಡಿದ ಜ್ಯಾಮಿತಿ ಲೋಕದಲ್ಲಿ ಬಹಳವಿಲ್ಲ.

ಇಂತಹ ಪಟ್ಟಿಯನ್ನು ಹೊತ್ತ ಮೊದಲ ಕಾರು 1959ರ ಆಗಸ್ಟಿನಲ್ಲಿ ಸ್ವೀಡನ್ನಿನ ಕ್ರಿಸ್ಟಿಯನ್‌ಸ್ಟಾಡ್ ಪಟ್ಟಣದ ವ್ಯಾಪಾರಿಗೆ ಸೇರಿತು. ಅಮೆರಿಕದ ಪೇಟೆಂಟ್ 1962ರಲ್ಲಿ ದೊರೆಯಿತು. ಸಂಸ್ಥೆಯು ಅದನ್ನು ಬಿಗಿಮುಷ್ಟಿಯಲ್ಲಿ ಹಿಡಿಯದೆ ಇತರ ತಯಾರಕರ ಬಳಕೆಗೂ ಬಿಟ್ಟುಕೊಟ್ಟಿತು. ಬಿಟ್ಟುಕೊಟ್ಟರೂ ನಂಬುವವರು ಬೇಕಷ್ಟೆ. ಬೋಲಿನನು 1967ರಲ್ಲಿ, ಮೇಲೆ ಹೇಳಿದ ಸ್ಟ್ಯಾಪ್ ಸಮ್ಮೇಳನದಲ್ಲಿ, 28,000 ಅಪಘಾತಗಳ ವಿವರವನ್ನು ಮುಂದಿಟ್ಟನು: ಪಟ್ಟಿ ಧರಿಸದವರು ಗಂಟೆಗೆ 12 ಮೈಲಿಯ ಮಂದಗತಿಯಲ್ಲಿಯೂ ಸತ್ತಿದ್ದರು, ಧರಿಸಿದವರಲ್ಲಿ 60 ಮೈಲಿಗಿಂತ ಕೆಳಗಿನ ವೇಗದಲ್ಲಿ ಒಬ್ಬನೂ ಸತ್ತಿರಲಿಲ್ಲ.

ಅಮೆರಿಕದಲ್ಲಿ 1968ರ ಜನವರಿಯಿಂದ ಹೊಸ ಕಾರುಗಳಲ್ಲಿ ಪಟ್ಟಿ ಇರಲೇಬೇಕಾಯಿತು; ಇದ್ದ ಪಟ್ಟಿಯನ್ನು ತೊಡುವವರು ವಿರಳ. ಕಟ್ಟಿಕೊಳ್ಳದಿದ್ದರೆ ಎಂಜಿನ್ನೇ ಹೊರಡದಂತೆ 1974ರ ಕಾರುಗಳಿಗೆ ಬೀಗವೊಂದನ್ನು ಹಾಕಿದರು. ಪಕ್ಕದ ಪೀಠದಲ್ಲಿ ತರಕಾರಿಯ ಚೀಲವನ್ನಿಟ್ಟರೂ ನಾಯಿಯನ್ನು ಕೂರಿಸಿದರೂ ಅದಕ್ಕೂ ಪಟ್ಟಿ ತೊಡಿಸೆಂದು ಕಾರು ಹಟಹಿಡಿಯತೊಡಗಲು, ಜನ ರೊಚ್ಚಿಗೆದ್ದರು. ಅದೇ ವರ್ಷ ಆ ದೇಶದ ಶಾಸನಸಭೆಯು ಬೀಗವನ್ನು ಕಿತ್ತುಹಾಕಿತು. ಧರಿಸುವುದನ್ನೇ ಕಾನೂನು ಮಾಡಿದ ಕೀರ್ತಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯಕ್ಕೆ ಸಲ್ಲುವುದು. ವರ್ಷಕ್ಕೆ ಸಾವಿರವನ್ನು ಮೀರಿ ರಸ್ತೆಯ ಮರಣಗಳನ್ನು ಕಂಡ ಆ ಪುಟ್ಟ ಪ್ರಾಂತ್ಯವು 1970ರ ಡಿಸೆಂಬರ್ 22ರಿಂದ ಅದನ್ನು ಕಡ್ಡಾಯಗೊಳಿಸಿತು. ಬ್ರಿಟನ್ನಿನಲ್ಲಾದರೋ ವ್ಯಕ್ತಿಸ್ವಾತಂತ್ರ್ಯದ ಚರ್ಚೆಯು ಒಂದು ದಶಕಕ್ಕೂ ಮೀರಿ ನಡೆದು, 1983ರ ಜನವರಿ 31ರಂದು ಮುಗಿಯಿತು. ಗಾಜು ನಾಟಿ ಕಣ್ಣು ಕಳೆದುಕೊಂಡವರ ಸಂಖ್ಯೆ ಅಲ್ಲಿನ ಆಸ್ಪತ್ರೆಗಳಲ್ಲಿ ಇಳಿಯಿತು.

ಕಟ್ಟಿಸಿಕೊಳ್ಳುವುದೆಂದರೆ ಮನುಷ್ಯನಿಗೆ ಏಕಿಷ್ಟು ಅಪಮಾನ? ನಮ್ಮ ಭಾಷೆಯನ್ನು ಕೇಳಿದರೆ ಉತ್ತರವು ಎರಡು ಬಗೆಯಾಗಿ ಬರುವುದು. ಕೈಕಟ್ಟುವುದು, ಬಾಯಿಕಟ್ಟುವುದು, ಕಟ್ಟಿಹಾಕುವುದು ಇವೆಲ್ಲ ದೈನ್ಯದ ಮಾತುಗಳು, ಟೊಂಕಕಟ್ಟುವುದಾದರೋ ಪೌರುಷದ್ದು. ಹಂಪೆಯಲ್ಲಿ ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಕಡೆಸಿದ ನರಸಿಂಹನ ಬೃಹದ್ವಿಗ್ರಹದ ಮೊಣಕಾಲುಗಳನ್ನು ಬಳಸಿ ಒಂದು ಪಟ್ಟಿ ಇರುವುದನ್ನು ನೋಡಿದವರೆಲ್ಲ ಬಲ್ಲರು. ಯೋಗಪಟ್ಟವೆಂದು ಅದರ ಹೆಸರು. ಕುಳಿತ ನಿಲುವು ಸಡಿಲದಂತೆ ಯೋಗಿಗಳು ಮೈಗೂ ಮೊಣಕಾಲಿಗೂ ಬಿಗಿದುಕೊಳ್ಳುತ್ತಿದ್ದುದು. ಪಟ್ಟಿಯ ವಂಶಾವಳಿಯಲ್ಲಿ ಇದನ್ನು ಸೇರಿಸುವ ಹುಂಬತನ ನನಗಿಲ್ಲ. ಆದರೆ ಕೂರುವುದಕ್ಕೂ ಒಂದು ಕ್ರಮವುಂಟು, ಆ ಕ್ರಮವನ್ನು ಉಳಿಸಲು ಪಟ್ಟಿಯ ನೆರವು ಪಡೆದರೆ ಉಗ್ರಮೂರ್ತಿಗೂ ಕುಂದಿಲ್ಲ ಎಂಬ ಭಾವನೆ ನಮ್ಮ ಶಿಲ್ಪಿಗಳಿಗೆ ಇದ್ದಿತೆಂಬುದು ಸುಳ್ಳಲ್ಲ.

ಆ ಕ್ರಮದ ವಿಷಯದಲ್ಲಿ ಎರಡು ಮಾತು. ಬೋಲಿನನ ಮೊದಲ ಪಟ್ಟಿಗಳಲ್ಲಿ ತಾನೇ ಸುತ್ತಿಕೊಳ್ಳುವ ಸುರುಳಿ ಇರಲಿಲ್ಲ. ಕೂತವನು ಪೀಠವನ್ನು ಸರಿಪಡಿಸಿಕೊಂಡು ಪಟ್ಟಿಯ ಉದ್ದವನ್ನೂ ತನ್ನ ಮೈಗೆ ತಕ್ಕಂತೆ ಎಳೆದುಕೊಳ್ಳಬೇಕಾಗಿದ್ದುದರಿಂದ ಅವೆರಡೂ ಒಂದೇ ಕರ್ಮದ ಅಂಗಗಳಾಗಿದ್ದುವು. ಮುಂದೆ ಸುರುಳಿ ಬಂದಿತು: ನಿಧಾನವಾಗಿ ಎಳೆದರೆ ಬಿಚ್ಚಿಕೊಂಡು, ರಪ್ಪನೆ ಎಳೆತ ಬಿದ್ದರೆ ಹಲ್ಲುಚಕ್ರಕ್ಕೆ ಸಿಕ್ಕಿ ನಿಲ್ಲುವ ಆ ಸುರುಳಿಯು ಕೂತವನ ಕೆಲಸವನ್ನು ತಾನೇ ವಹಿಸಿಕೊಂಡಿತು, ಕೆಲಸದೊಡನೆ ಎಚ್ಚರವೂ ಹೋಯಿತು. ಪೀಠವನ್ನು ಆರಾಮಕುರ್ಚಿಯಂತೆ ಹಿಂದಕ್ಕೊರಗಿಸಿದವನ ಹೆಗಲಿಗೂ ಪಟ್ಟಿಗೂ ನಡುವೆ ಗೇಣು ಅಂತರ. ಅಪಘಾತವಾದರೆ ಅವನು ಪಟ್ಟಿಯ ಕೆಳಗಿನಿಂದ ನುಸುಳಿ ಮುಂದಕ್ಕೆ ಜಾರುವನು, ಕಟಿಯ ಎಲುಬಿನ ಮೇಲಿರಬೇಕಾದ ಪಟ್ಟಿಯು ಮೆತ್ತನೆಯ ಹೊಟ್ಟೆಯನ್ನು ಕೊಯ್ಯುವುದು. ನ್ಯಾಷ್ ಕಾರಿನ ಜೋಡಿಯನ್ನು ಹುಟ್ಟುವೈರಿಗಳೆಂದುದು ಇದಕ್ಕಾಗಿ. ಸ್ಟಿಯರಿಂಗಿಗೆ ಎದೆಯಾನಿಸಿ ಕೂರುವುದೂ ಅಷ್ಟೇ ಕೇಡು. ಗಾಳಿಚೀಲ ಬಂದ ಮೇಲಂತೂ ಎದೆಗೂ ಚಕ್ರಕ್ಕೂ ಹತ್ತಂಗುಲವಾದರೂ ಎಡೆ ಇರಬೇಕೆಂದು ಬಲ್ಲವರು ಹೇಳುವರು. ಬೆನ್ನು ಪೂರ್ತಿ ಒರಗಿದ್ದು, ಪೆಡಲನ್ನು ತಳದವರೆಗೆ ಒತ್ತಿದಾಗಲೂ ಮಂಡಿ ತುಸು ಮಡಿದೇ ಇರುವಷ್ಟು ದೂರ ಸರಿ. ತಲೆಯ ಹಿಂದಣ ದಿಂಬು, ಅಮೆರಿಕದ ಕಾರುಗಳಲ್ಲಿ 1969ರಿಂದ ಕಡ್ಡಾಯವಾದದ್ದು, ತೂಕಡಿಸಲು ಕೊಟ್ಟದ್ದಲ್ಲ. ಹಿಂದಿನಿಂದ ಪೆಟ್ಟು ಬಿದ್ದಾಗ ತಲೆ ಹಿಂದಕ್ಕೆ ಮುರಿಯದಂತೆ ತಡೆಯುವುದು. ಅದನ್ನು ಕತ್ತಿನ ಮಟ್ಟಕ್ಕೆ ಇಳಿಸಿ ಕೂರುವವರೇ ಹೆಚ್ಚು.

ನಮ್ಮ ದೇಶದ ಅಧ್ಯಾಯವು ತಡವಾಗಿ ತೆರೆಯಿತು. ಉತ್ತರಪಾರಾದಲ್ಲಿ 1957ರಿಂದ ತಯಾರಾದ ಅಂಬಾಸಡರ್ ಕಾರಿನ ಮುಂದಿನ ಪೀಠವು ಮಂಚದಂತೆ ಅಖಂಡವಾಗಿದ್ದು, ಮದುವೆಯ ದಿಬ್ಬಣದಲ್ಲಿ ಚಾಲಕನ ಪಕ್ಕಕ್ಕೆ ಇಬ್ಬರು ಹಿರಿಯರೂ ಅವರ ತೊಡೆಯ ಮೇಲೆ ಇಬ್ಬರು ಮಕ್ಕಳೂ ಏರುತ್ತಿದ್ದುದನ್ನು ನಾನು ಕಂಡಿದ್ದೇನೆ. ಮಕ್ಕಳಲ್ಲಿ ಒಬ್ಬನಾಗಿಯೂ ಕುಳಿತಿದ್ದೇನೆ. ಚಾಲಕರಾಗಿದ್ದವರು ಪೀಠವನ್ನು ಸರಿಪಡಿಸಿಕೊಳ್ಳುತ್ತಿದ್ದ ಕ್ರಮವೆಂದರೆ ಬೆನ್ನಹಿಂದೆ ಮಡಿಸಿಟ್ಟ ಟವೆಲು. ಮುಂದಿನ ಸಾಲಿಗೆ ಪಟ್ಟಿ ಬೇಕೆಂಬ ನಿಯಮವು 1994ರಲ್ಲಿ ಬಂದಿತು. ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯು ಮುಂದಕ್ಕೆ ಮುಖಮಾಡಿದ ಹಿಂದಿನ ಆಸನದವರನ್ನೂ ಹೆಸರಿಸಿತ್ತಾದರೂ ಅದನ್ನು ಓದಿದವರಿಲ್ಲ. ದಂಡವು 2019ರ ತಿದ್ದುಪಡಿಯಲ್ಲಿ ಸಾವಿರ ರೂಪಾಯಿಗೇರಿತು. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿಯ ಸೇತುವೆಯಲ್ಲಿ ತೀರಿಕೊಂಡಾಗ, ಹಿಂದಿನ ಸಾಲಿನಲ್ಲಿದ್ದ ಅವರು ಪಟ್ಟಿ ಧರಿಸಿರಲಿಲ್ಲವೆಂದು ಪೊಲೀಸರು ಹೇಳಿದ ಮೇಲೆ, ಹಿಂದಿನ ಪೀಠಕ್ಕೂ ಪಟ್ಟಿಯುಂಟೆಂಬ ಸುದ್ದಿ ದೇಶಕ್ಕೆ ಹಬ್ಬಿತು. ನಮ್ಮ ರಾಜ್ಯದ ಪೊಲೀಸರೂ ಆ ಅಕ್ಟೋಬರಿನಲ್ಲಿ ಹಿಂದೆ ಕೂತವರಿಗೂ ದಂಡವೆಂದು ಸಾರಿದರು. ಆದರೆ ಜನರ ಜಾಣ್ಮೆ ಕಾನೂನಿಗಿಂತ ಮುಂದು: ಪಟ್ಟಿಯಿಲ್ಲದ ಬರಿಯ ಲೋಹದ ನಾಲಗೆಯೊಂದನ್ನು ಕೊಂಡು, ಅದನ್ನು ಕೊಂಡಿಗೆ ಸಿಕ್ಕಿಸಿ, ಕಾರಿನ ಕೂಗನ್ನು ಅಡಗಿಸುವ ವ್ಯಾಪಾರವು ಎಷ್ಟು ಬೆಳೆಯಿತೆಂದರೆ, 2023ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರವು ಅದನ್ನು ಮಾರದಂತೆ ಆನ್‌ಲೈನ್ ಅಂಗಡಿಗಳಿಗೆ ಆಜ್ಞೆ ಮಾಡಬೇಕಾಯಿತು.

ಈಚೆಗೆ ತುಮಕೂರಿಗೆ ಬಾಡಿಗೆ ಕಾರೊಂದರಲ್ಲಿ ಹೊರಟಾಗ, ಹಿಂದಿನ ಪೀಠದಲ್ಲಿ ಕುಳಿತು ಪಟ್ಟಿಯನ್ನೆಳೆದುಕೊಂಡು ಕೊಂಡಿಗಾಗಿ ಕೈಯಾಡಿಸಿದೆನು, ಸಿಗಲಿಲ್ಲ. ಪೀಠಕ್ಕೆ ಹೊಲಿಸಿದ ಕೆಂಪು ರೆಕ್ಸಿನ್ನಿನ ಹೊದಿಕೆಯು ಎಲ್ಲವನ್ನೂ ಮುಚ್ಚಿದ್ದಿತು. ಚಾಲಕನು ಕನ್ನಡಿಯಲ್ಲಿ ನನ್ನ ಪಾಡನ್ನು ನೋಡಿ, “ಹಿಂದೆ ಕೂತವರಿಗೆ ಯಾಕೆ ಸಾರ್? ಅಲ್ಲೀಗಂಟ ಕ್ಯಾಮೆರಾ ಕಾಣಾಕಿಲ್ಲ” ಎಂದು ಸಮಾಧಾನ ಹೇಳಿದನು. ನಾನು ಹೊದಿಕೆಯ ಅಂಚನ್ನೆತ್ತಿ ಮೆತ್ತೆಗಳ ಸಂದಿಗೆ ಬೆರಳಿಳಿಸಿದೆನು: ಕಡಲೆಕಾಯಿಯ ಸಿಪ್ಪೆ ಬಂದಿತು, ಯಾರದೋ ಮಗುವಿನ ಕೂದಲಪಿನ್ನು ಬಂದಿತು, ಒಂದು ರೂಪಾಯಿಯ ನಾಣ್ಯ ಬಂದಿತು, ಕೊನೆಗೆ, ಕಾರ್ಖಾನೆಯ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಹೊದ್ದುಕೊಂಡಿದ್ದ ಕೊಂಡಿ ಬಂದಿತು. ಹಾಳೆಯನ್ನು ಹರಿದು ನಾಲಗೆಯನ್ನು ಅದರೊಳಕ್ಕೆ ಒತ್ತಿದಾಗ ಆದ ಸದ್ದಿಗೆ ಚಾಲಕನು ತಿರುಗಿ ನೋಡಿದನು. ಆರು ವರ್ಷಗಳಿಂದ ಅದೇ ಕಾರನ್ನು ಓಡಿಸುತ್ತಿದ್ದವನು ಅವನು.

“ಅಲ್ಲಿ ಇತ್ತಾ ಸಾರ್ ಅದು?” ಎಂದನು.